ಅಣ್ಣನ ಗಾಡಿಯ ಮುರಿದ ಬೋಲ್ಟು

ಕಾಗೆಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಹಿತ್ತಲ ಗೋಡೆಯ ಮೇಲೆ ಒಂದು ಕೂತು ಕಾ ಎಂದರೆ ಸಾಕು, ಈ ವಯಸ್ಸಿನಲ್ಲೂ ಕೈ ಕೋಲು ಹುಡುಕುತ್ತದೆ. ಮನೆಯವರು ನಗುತ್ತಾರೆ. ನಗಲಿ ಬಿಡಿ. ಹೈಸ್ಕೂಲಿನಲ್ಲಿ ಬೀಜಗಣಿತ ಕಲಿಸುತ್ತಿದ್ದ, ದೇವರಿಗೆ ಕೈ ಮುಗಿಯುವಾಗಲೂ ಅರ್ಧ ಅನುಮಾನದಿಂದಲೇ ಮುಗಿಯುತ್ತಿದ್ದ ನನ್ನಂಥ ಮನುಷ್ಯನನ್ನು ಒಂದು ಕಾಗೆ ಹೇಗೆ ಹಿಡಿದು ಮೋಟಾರು ಗಾಡಿಯ ಮುಂದೆ ನಿಲ್ಲಿಸಿತು ಎಂಬುದು ಅವರಿಗೇನು ಗೊತ್ತು?

ಯುದ್ಧದ ಕಾಲ ಅದು. ಸಪ್ತಾಪುರದ ನಮ್ಮ ಮನೆಯಲ್ಲಿದ್ದವರು ಅವ್ವ, ಅಣ್ಣ, ಅಣ್ಣನ ಹೆಂಡತಿ ಅಂದರೆ ನನ್ನ ವೈನಿ, ಮತ್ತು ಇನ್ನೂ ಮದುವೆಯಾಗದ ನಾನು. ಅಪ್ಪ ನಾವು ಚಿಕ್ಕವರಿದ್ದಾಗಲೇ ತೀರಿಕೊಂಡಿದ್ದರು. ಅಣ್ಣ ವಕೀಲ. ಕೋರ್ಟಿನಲ್ಲಿ ಕರಿ ಕೋಟು, ಮನೆಗೆ ಬಂದರೆ ಕರಿ ಕೈ. ಊರು ಬಿಟ್ಟು ಹೊರಟಿದ್ದ ಒಬ್ಬ ಸಾಹೇಬನಿಂದ ಹಳೆಯ ಮೋಟಾರು ಕೊಂಡುಕೊಂಡಿದ್ದ. ಅದನ್ನು ಓಡಿಸುವುದಕ್ಕಿಂತ ಬಿಚ್ಚುವುದರಲ್ಲೇ ಅವನಿಗೆ ಹೆಚ್ಚು ಸುಖ. ಹಿಂದೆ ಅಪ್ಪನ ಟಾಂಗಾದ ಕುದುರೆ ಕಟ್ಟುತ್ತಿದ್ದ ತಗಡಿನ ಶೆಡ್ಡೇ ಮೋಟಾರಿನ ಮನೆಯಾಗಿತ್ತು. ರವಿವಾರ ಬೆಳಿಗ್ಗೆ ಅದರೊಳಗೆ ಹೊಕ್ಕನೆಂದರೆ ಊಟಕ್ಕೆ ಕರೆದೂ ಕರೆದೂ ಅವ್ವನ ಗಂಟಲು ಹರಿಯುತ್ತಿತ್ತು.

"ಈ ಗಾಡೀನ ಲಗ್ನಾ ಮಾಡ್ಕೋಬೇಕಿತ್ತು ನೋಡು ನೀ," ಎಂದು ಅವ್ವ ವೈನಿಗೆ ಕೇಳುವಂತೆಯೇ ಅವನನ್ನು ಬೈಯುತ್ತಿದ್ದಳು. ವೈನಿ ಬಾಗಿಲ ಮರೆಯಲ್ಲಿ ನಗುತ್ತಿದ್ದರು. ಅವನಿಗೆ ಕಂದೀಲು ಹಿಡಿಯುವವರು, ಬೋಲ್ಟು ತಿರುಗಿಸಲು ಬೇಕಾದ ಪಾನಾ ಎತ್ತಿ ಕೊಡುವವರು ಅವರೇ. ನಾನಂತೂ ಆ ಕಡೆ ಸುಳಿಯುತ್ತಿರಲಿಲ್ಲ. ಎಣ್ಣೆಯ ವಾಸನೆ ನನಗಾಗದು.

ಒಂದು ರವಿವಾರ ಎಂಜಿನ್ನಿನ ಮೇಲಿನ ದಪ್ಪ ಮುಚ್ಚಳದ ಸಂದಿನಿಂದ ನೀರು ಸೋರುತ್ತಿದೆ ಎಂದು ಅಣ್ಣ ಅದನ್ನು ಬಿಚ್ಚಲು ಕೂತ. ಸುತ್ತಲಿನ ಬೋಲ್ಟುಗಳನ್ನು ತೆಗೆದು, ಮುಚ್ಚಳ ಎತ್ತಿ, ಕೆಳಗಿನ ತಾಮ್ರದ ಹಾಳೆ ಬದಲಿಸಬೇಕು, ಇಷ್ಟೇ ಕೆಲಸ. ಬೋಲ್ಟುಗಳೆಲ್ಲ ಬಂದವು, ಒಂದು ಮಾತ್ರ ಜಗ್ಗಲಿಲ್ಲ. ತುಕ್ಕು ಹಿಡಿದು ಅದಕ್ಕೂ ಎಂಜಿನ್ನಿಗೂ ಒಂದೇ ಜೀವವಾಗಿತ್ತು. ಅಣ್ಣ ಪಾನಾದ ಹಿಡಿಕೆಗೆ ಉದ್ದನೆಯ ಕೊಳವೆ ಸಿಕ್ಕಿಸಿ ಮೈಭಾರ ಹಾಕಿ ಎಳೆದ. ಬೋಲ್ಟು ತಿರುಗಲಿಲ್ಲ, ಟಣ್ಣೆಂದು ಮುರಿಯಿತು. ತಲೆ ಹಾರಿ ಕೆಳಗೆ ಬಿತ್ತು, ಬುಡ ಎಂಜಿನ್ನಿನ ಒಳಗೇ ಉಳಿಯಿತು. ಎಳೆದ ರಭಸಕ್ಕೆ ಅವನ ಕೈ ಹೋಗಿ ಕಬ್ಬಿಣದ ಅಂಚಿಗೆ ಬಡಿದು ಹೆಬ್ಬೆರಳ ಬುಡದಿಂದ ಅಂಗೈ ಸೀಳಿತು.

ಗದ್ದಲ ಕೇಳಿ ನಾವು ಓಡಿ ಹೋದಾಗ ಅವನು ಎಣ್ಣೆಯ ಬಟ್ಟೆಯನ್ನೇ ಕೈಗೆ ಸುತ್ತಿಕೊಂಡು ನಗುತ್ತಿದ್ದ. "ಏನಾಗಿಲ್ಲ ಹೋಗ್ರಿ. ಮುರದದ್ದು ಬೋಲ್ಟ, ನಾ ಅಲ್ಲ," ಎಂದ. ಆ ಕೈಯಲ್ಲೇ ಮುಚ್ಚಳ ಎತ್ತಿ ಪಕ್ಕಕ್ಕಿಟ್ಟು, ಉಳಿದ ತುಂಡನ್ನು ಮುಂದಿನ ರವಿವಾರ ನೋಡೋಣ ಎಂದು ಎದ್ದು ಬಂದ.

ಕುದುರೆ ಕಟ್ಟಿದ ನೆಲ ಅದು. ಗಾಯ ಮಾಯುತ್ತಲೇ ಇತ್ತು. ಆದರೆ ಒಂದು ಮುಂಜಾನೆ ಚಹಾ ಕುಡಿಯಲು ಅವನಿಗೆ ಬಾಯಿ ತೆರೆಯಲು ಬರಲಿಲ್ಲ. ಡಾಕ್ಟರು ಬಂದು ನೋಡಿ ಧನುರ್ವಾತ, ಕುದುರೆಯ ಲದ್ದಿ ಬಿದ್ದ ಮಣ್ಣಿನಿಂದ ಗಾಯಕ್ಕೆ ಹತ್ತಿದ್ದು ಎಂದರು. ಅಲ್ಲಿಂದ ಮುಂದಿನದನ್ನು ನಾನು ಬರೆಯುವುದಿಲ್ಲ. ಬರೆಯಲು ಕೂತಾಗಲೆಲ್ಲ ಎದ್ದು ಹೋಗಿದ್ದೇನೆ. ನನ್ನ ಅಣ್ಣ ಹೋದ, ಅಷ್ಟೇ.

ಅವನಿಗೆ ಮಕ್ಕಳಿರಲಿಲ್ಲವಾದ್ದರಿಂದ ಕ್ರಿಯೆಗೆ ನಾನೇ ಕೂತೆ. ಹತ್ತನೆಯ ದಿನ ಕೆಲಗೇರಿ ಕೆರೆಯ ದಂಡೆಯಲ್ಲಿ ಪಿಂಡ ಇಟ್ಟೆವು. ಆ ದಿನ ಪಿಂಡವನ್ನು ಕಾಗೆ ಮುಟ್ಟಬೇಕು. ಮುಟ್ಟದಿದ್ದರೆ ಹೋದವನ ಮನಸ್ಸಿನಲ್ಲಿ ಏನೋ ಆಸೆ ಉಳಿದಿದೆ ಎಂದು ಅರ್ಥ. ಆಗ ಇದ್ದವರು ಅವನಿಗೆ ಒಂದೊಂದೇ ಮಾತು ಕೊಡುತ್ತ ಹೋಗಬೇಕು. ಯಾವ ಮಾತಿಗೆ ಕಾಗೆ ಇಳಿಯುತ್ತದೋ ಅದೇ ಅವನ ಆಸೆ, ಅದನ್ನು ನಡೆಸಿಕೊಡಲೇಬೇಕು. ನಮ್ಮ ಕಡೆ ಇದನ್ನು ಯಾರೂ ಹಗುರಾಗಿ ತೆಗೆದುಕೊಳ್ಳುವುದಿಲ್ಲ. ಪಿಂಡವಿಟ್ಟು ದೂರ ಸರಿದು ನಿಂತೆವು. ಎದುರಿನ ಜಾಲಿ ಗಿಡದ ತುಂಬ ಕಾಗೆ. ಒಂದೂ ಇಳಿಯಲಿಲ್ಲ.

"ಮಾತು ಕೊಡ್ರಿ," ಎಂದರು ಭಟ್ಟರು.

"ಅವ್ವನ್ನ ನಾ ನೋಡ್ಕೋತೇನಿ," ಎಂದೆ. ಕಾಗೆ ಕದಲಲಿಲ್ಲ. "ವೈನೀ ಕೈ ಬಿಡೂದಿಲ್ಲ." ಕದಲಲಿಲ್ಲ. "ನಿನ್ನ ಕೋರ್ಟಿನ ಕೆಲಸಾ ಎಲ್ಲಾ ಛಲೋ ವಕೀಲರ ಕಡೆ ಕೊಡ್ತೇನಿ." ಒಂದು ಕಾಗೆ ಕೊಕ್ಕನ್ನು ಕೊಂಬೆಗೆ ಉಜ್ಜಿಕೊಂಡಿತು. ಬಿಸಿಲು ನೆತ್ತಿಗೇರಿತು. ಹಿಂದೆ ನಿಂತ ಬಳಗದವರು ಪಿಸುಗುಟ್ಟತೊಡಗಿದರು. ಕಾಗೆ ಬಾರದಿದ್ದರೆ ದರ್ಭೆಯಿಂದ ಕಾಗೆ ಮಾಡಿ ಮುಟ್ಟಿಸಿ ಮುಗಿಸುತ್ತಾರೆ. ಭಟ್ಟರು ಬೇಸತ್ತು ದರ್ಭೆ ಹೊಸೆಯಲು ಶುರು ಮಾಡಿದರು. ಅದನ್ನು ನೋಡಿ ನನ್ನ ತಲೆ ಕೆಟ್ಟಿತು. ನನ್ನ ಅಣ್ಣನಿಗೆ ಹುಲ್ಲಿನ ಕಾಗೆಯೇ? ಅಣ್ಣನ ಮೇಲೆ, ಕಾಗೆಯ ಮೇಲೆ, ಕೆರೆಯ ಮೇಲೆ, ಎಲ್ಲದರ ಮೇಲೂ ಸಿಟ್ಟು ಬಂತು.

"ಇನ್ನೇನೋ ನಿಂದು?" ಎಂದು ಕೂಗಿದೆ. "ನಿನ್ನ ಗಾಡೀ ರಿಪೇರಿ ಉಳದದ. ಅದನ್ನೂ ನಾನ ಮಾಡ್ಬೇಕೇನು? ಆತು, ಮಾಡ್ತೇನಿ. ನನ್ನ ಕೈಲೇನ ಮಾಡ್ತೇನಿ. ಇನ್ನರ ಉಣ್ಣು!"

ಕಾಗೆ ಇಳಿಯಿತು. ನೆಟ್ಟಗೆ ಬಂದು ಪಿಂಡಕ್ಕೆ ಕೊಕ್ಕು ಹಾಕಿತು.

ನಾನು ಮನೆ ಮುಟ್ಟುವಷ್ಟರಲ್ಲಿ ಸುದ್ದಿ ಮುಟ್ಟಿತ್ತು. ಅವ್ವ ಪಡಸಾಲೆಯ ಕಂಬಕ್ಕೆ ಆತು ಕೂತಿದ್ದಳು.

"ನಿನ್ನ ಕೈಲೇನ ಅಂದೀಯಂತ?"

"ಸಿಟ್ಟಿಗೆ ಅಂದೆ, ಅವ್ವಾ."

"ಸಿಟ್ಟಿಗೆ ಅಂದ್ರೇನು, ಅವಾ ಕೇಳಿದನಲ್ಲ." ಶೆಡ್ಡಿನ ಕಡೆ ಕೈ ಮಾಡಿದಳು. "ಅವಾ ಶೆಡ್ಡಿನ್ಯಾಗ ನಿಂತಾನ, ತಮ್ಮಾ. ಎಲ್ಲೂ ಹೋಗಿಲ್ಲ. ಅವಾ ಅಲ್ಲಿ ನಿಂತಿರೋತನಕಾ ನಾ ಇಲ್ಲಿ ಕೂತು ಹ್ಯಾಂಗ ಉಣ್ಣಲಿ? ಗಾಡೀ ಸದ್ದು ಆಗ್ಲಿ. ಅವತ್ತ ಅನ್ನಾ ಮುಟ್ತೇನಿ."

ಅಂದಿನಿಂದ ಅವ್ವನಿಗೆ ಒಂದು ಲೋಟ ಹಾಲು, ಒಂದು ಬಾಳೆಹಣ್ಣು, ಅಷ್ಟೇ. ಅದೂ ನಾವು ಕಾಡಿದರೆ. ಬೈದೆ, ಬೇಡಿಕೊಂಡೆ, ಕಾಲು ಹಿಡಿದೆ. ಭಟ್ಟರನ್ನು ಕರೆಸಿ ಮಾತಿಗೆ ಏನಾದರೂ ಬಿಡುಗಡೆ ಇದೆಯೇ ಕೇಳಿದೆ. ಅವರೂ ಹೇಳಿ ನೋಡಿದರು. ಅವ್ವ ಕೇಳಲಿಲ್ಲ. ಹುಬ್ಬಳ್ಳಿಯಲ್ಲಿ ಕೈ ಪಳಗಿದ ಮೇಸ್ತ್ರಿಗಳಿದ್ದರು. ಎತ್ತು ಕಟ್ಟಿ ಗಾಡಿಯನ್ನು ಅಲ್ಲಿಯವರೆಗೆ ಎಳೆಸುತ್ತೇನೆಂದು ಅಣ್ಣನ ಗೆಳೆಯರೊಬ್ಬರು ಮುಂದೆ ಬಂದರು. ಅದಕ್ಕೂ ಅವ್ವನದು ಒಂದೇ ಮಾತು: ನನ್ನ ಕೈಲೇ ಮಾಡುತ್ತೇನೆಂದು ಹೇಳಿದವನು ನಾನು, ಬೇರೆ ಕೈ ಹತ್ತಬಾರದು.

ಹಾಗೆಂದು ನನ್ನನ್ನು ಸುಮ್ಮನೆ ಕಳಿಸುತ್ತಿದ್ದಳೇ? ಅದೂ ಇಲ್ಲ. ನಾನು ಶೆಡ್ಡಿಗೆ ಹೊರಟರೆ ಬಾಗಿಲಲ್ಲಿ ಅಡ್ಡ ನಿಲ್ಲುತ್ತಿದ್ದಳು. ಹಳೆಯ ಧೋತರ ಹರಿದು ನನ್ನ ಎರಡೂ ಕೈಗೆ ಬೆರಳ ತುದಿಯವರೆಗೆ ಸುತ್ತುತ್ತಿದ್ದಳು. "ಜ್ವಾಕಿ. ಒಬ್ಬನ್ನ ತಿಂದದ ಅದು," ಎನ್ನುತ್ತಿದ್ದಳು. ಸಂಜೆ ಬೆಳಕಿರುವಾಗಲೇ ಕರೆದು, ಬಟ್ಟೆ ಬಿಚ್ಚಿ, ಅಂಗೈ ಮುಂಗೈ ಎರಡನ್ನೂ ಹೊರಳಿಸಿ ನೋಡುತ್ತಿದ್ದಳು. ಎಲ್ಲಾದರೂ ತರಚಿದ ಗೆರೆ ಕಂಡರೆ ಸಾಕು, ಅರಿಶಿನ ತರಲು ಎದ್ದು ಓಡುತ್ತಿದ್ದಳು. ಬೋಲ್ಟು ತೆಗೆಯದಿದ್ದರೆ ದೊಡ್ಡವನಿಗೆ ನೆಲೆಯಿಲ್ಲ, ತೆಗೆಯಲು ಹೋದರೆ ಚಿಕ್ಕವನೂ ಕೈ ಬಿಟ್ಟು ಹೋದಾನು. ಈ ಎರಡರ ನಡುವೆ ಅವಳು ಒಣಗುತ್ತಿದ್ದಳು.

ನನಗೆ ಹೆದರಿಕೆ ಇರಲಿಲ್ಲವೆಂದರೆ ಸುಳ್ಳು. ಮೊದಲ ದಿನ ಶೆಡ್ಡಿನ ಬಾಗಿಲು ತೆರೆದಾಗ ಒಳಗೆ ಎಲ್ಲವೂ ಅವನು ಎದ್ದು ಹೋದಂತೆಯೇ ಇತ್ತು. ಮೊಳೆಗೆ ತೂಗುಹಾಕಿದ ಅವನ ಹಳೆಯ ಅಂಗಿ, ಮೊಣಕೈಯಲ್ಲಿ ಇನ್ನೂ ಮಡಿಕೆ ಬಿದ್ದದ್ದು. ಬಿಚ್ಚಿದ ಬೋಲ್ಟುಗಳನ್ನು ಒಂದು ರಟ್ಟಿಗೆ ತೂತು ಮಾಡಿ, ಯಾವುದು ಎಲ್ಲಿಯದೋ ಹಾಗೆ ಸಾಲಾಗಿ ಚುಚ್ಚಿಟ್ಟಿದ್ದ. ಒಂದು ತೂತು ಖಾಲಿ ಇತ್ತು. ಎಂಜಿನ್ನಿನ ಪಕ್ಕದಲ್ಲಿ ಗ್ರೀಸಿನಲ್ಲಿ ಅವನ ಹೆಬ್ಬೆರಳ ಗುರುತು, ಗೆರೆಗಳ ಸಮೇತ. ಅದರ ಕೆಳಗೆ ಕಂದು ಬಣ್ಣದ ಕಲೆ. ತುಕ್ಕೇ ಇರಬೇಕೆಂದು ಒರೆಸಲು ಹೋದೆ. ತುಕ್ಕಲ್ಲ. ಹೊರಗೆ ಬಂದು ಬಾವಿಕಟ್ಟೆಯ ಮೇಲೆ ಸುಮಾರು ಹೊತ್ತು ಕೂತೆ.

ಮುರಿದ ಬೋಲ್ಟು ತನ್ನ ತೂತಿನೊಳಗೆ ಒಂದು ಕೂದಲೆಳೆಯಷ್ಟು ಕೆಳಗೇ ಕೂತಿತ್ತು. ಹಿಡಿಯಲು ಏನೂ ಇಲ್ಲ. ಇಕ್ಕಳ ಸಿಕ್ಕುವುದಿಲ್ಲ, ಉಗುರೂ ಸಿಕ್ಕುವುದಿಲ್ಲ. ಚಿಮಣಿ ಎಣ್ಣೆ ಆಗ ರೇಷನ್ನಿನಲ್ಲಿ ಸಿಗುತ್ತಿತ್ತು. ದೀಪಕ್ಕಿದ್ದುದರಲ್ಲೇ ಉಳಿಸಿ ತೊಟ್ಟು ತೊಟ್ಟಾಗಿ ಅದರ ಸುತ್ತ ಬಿಟ್ಟೆ. ಉಳಿಯನ್ನು ಅಂಚಿಗೆ ಓರೆಯಾಗಿಟ್ಟು ಸುತ್ತಿಗೆಯಿಂದ ಕುಟ್ಟಿದೆ. ಉಳಿ ಜಾರಿ ಹೆಬ್ಬೆರಳ ಪಕ್ಕದಲ್ಲೇ ಹಾದು ಹೋಯಿತು. ಬೋಲ್ಟಿಗೆ ಏನೂ ಆಗಲಿಲ್ಲ. ಆಮೇಲೆ ಅಣ್ಣನ ಕೈತಿರುವು ಬೈರಿಗೆ ಹಿಡಿದು ಬೋಲ್ಟಿನ ನಡುವೆ ತೂತು ಕೊರೆಯಲು ಕೂತೆ. ಆ ತೂತಿಗೆ ಚೌಕನೆಯ ಉಕ್ಕಿನ ಮೊಳೆ ಬಡಿದು, ಮೊಳೆಯನ್ನು ತಿರುಗಿಸಿದರೆ ಬೋಲ್ಟೂ ತಿರುಗಬೇಕು. ಅಣ್ಣ ಯಾವಾಗಲೋ ಊಟಕ್ಕೆ ಕೂತಾಗ ಹೇಳಿದ್ದ ಉಪಾಯ. ಆಗ ನಾನು ಆಕಳಿಸಿರಬೇಕು.

ಶಾಲೆ ಬಿಟ್ಟ ಕೂಡಲೇ ಬಂದು ಕೊರೆಯುತ್ತಿದ್ದೆ. ಕೊರೆದಷ್ಟೂ ಬೆನ್ನ ಹಿಂದೆ ಯಾರೋ ನಿಂತು ನೋಡುತ್ತಿದ್ದಾರೆ ಅನಿಸುತ್ತಿತ್ತು. ಯಾರೋ ಏನು, ಅವನೇ. ನಾನು ಏನು ಮಾಡಿದರೂ ಹಿಂದೆ ನಿಂತು ತಪ್ಪು ಹುಡುಕುವುದು ಅವನ ಚಿಕ್ಕಂದಿನ ಚಟ. ಒಮ್ಮೆಯಂತೂ "ನೆಟ್ಟಗ ಹಿಡಿಯೋ," ಎಂದದ್ದು ಕಿವಿಗೆ ಬಿದ್ದಂತಾಗಿ, "ನೀನ ಬಂದು ಹಿಡಿ ಮತ್ತ," ಎಂದು ಜೋರಾಗಿ ಅಂದುಬಿಟ್ಟೆ. ಅಂದು ತಿರುಗಿ ನೋಡಿದೆ. ಅಂಗಿ ಮೊಳೆಗೆ ತೂಗುತ್ತಿತ್ತು. ಬೈರಿಗೆ ಕೆಳಗಿಟ್ಟು ಮನೆಯೊಳಗೆ ಬಂದೆ.

ಅವ್ವನ ಕಿವಿಯೂ ಅತ್ತಲೇ ಇತ್ತು. ಮಧ್ಯಾಹ್ನ ಎಲ್ಲರೂ ಮಲಗಿದ ಹೊತ್ತಿಗೆ ಶೆಡ್ಡಿನಿಂದ ಟಕ್ ಟಕ್ ಎಂದು ಪಾನಾ ಬಡಿದ ಸದ್ದು ಬರುತ್ತದೆ ಎನ್ನುತ್ತಿದ್ದಳು. ರಜೆಯ ದಿನ ನಾನೂ ಕೇಳಿದೆ. ಎದ್ದು ಹೋಗಿ ಬಾಗಿಲು ತೆರೆದರೆ ಏನೂ ಇಲ್ಲ. ಬಿಸಿಲಿಗೆ ಕಾದ ತಗಡು ಹಾಗೆ ಸದ್ದು ಮಾಡುತ್ತದೆ ಎಂದು ಅವ್ವನಿಗೆ ಹೇಳಿದೆ. ಆ ಶೆಡ್ಡಿನ ತಗಡು ಎಷ್ಟೋ ವರ್ಷಗಳಿಂದ ಬಿಸಿಲಿಗೆ ಕಾಯುತ್ತಿತ್ತು. ಅಂಥ ಸದ್ದನ್ನು ನಾವು ಹಿಂದೆ ಕೇಳಿರಲಿಲ್ಲ.

ಅಂತೂ ತೂತು ಆಯಿತು. ಮೊಳೆ ಬಡಿದು, ಪಾನಾ ಹಾಕಿ ತಿರುಗಿಸಿದೆ. ಕಣ್ಣಿಗೆ ಕತ್ತಲೆ ಬರುವಷ್ಟು ತಿರುಗಿಸಿದೆ. ಅದು ಕೂತಲ್ಲೇ ಕೂತಿತ್ತು. ಇನ್ನೂ ಬಲ ಹಾಕಿದರೆ ಮೊಳೆಯೂ ಒಳಗೇ ಮುರಿಯುತ್ತದೆ, ಆಗ ಎಲ್ಲಾ ಮುಗಿದಂತೆ. ಕೊಳವೆ ಸಿಕ್ಕಿಸಿ ಎಳೆಯಲು ಧೈರ್ಯವಾಗಲಿಲ್ಲ. ಆ ಕೊಳವೆ ಅಲ್ಲೇ ಮೂಲೆಯಲ್ಲಿ ಬಿದ್ದಿತ್ತು. ಅದನ್ನು ಮುಟ್ಟುವುದಿರಲಿ, ಅದರ ಕಡೆ ನೋಡಲೂ ನನಗೆ ಆಗುತ್ತಿರಲಿಲ್ಲ.

ಮರುದಿನ ಅವ್ವ ತುಳಸಿಗೆ ನೀರು ಹಾಕುತ್ತ ಕಟ್ಟೆಯ ಬುಡದಲ್ಲೇ ಕುಸಿದಳು. ಎತ್ತಿಕೊಂಡಾಗ ಕೈಗೆ ಭಾರವೇ ಹತ್ತಲಿಲ್ಲ. ಡಾಕ್ಟರು ನಾಡಿ ನೋಡಿ ನನ್ನನ್ನು ಹೊರಗೆ ಕರೆದರು. "ಹ್ಯಾಂಗರ ಮಾಡಿ ಉಣ್ಣಸ್ರಿ. ಇಲ್ಲಾಂದ್ರ ಕೈಯಾಗಿಂದ ಹೋಗ್ತಾರ," ಎಂದರು.

ನಾನು ಒಳಗೆ ಹೋಗಿ ಅವ್ವನ ಮೇಲೆ ಹರಿಹಾಯ್ದೆ. "ಸತ್ತವನ ಸಲುವಾಗಿ ನೀನೂ ಸಾಯ್ತೀ ಏನು? ನಾ ಯಾರವಾ ನಿನಗ? ನಾ ಮಗಾ ಅಲ್ಲೇನು?"

ಅವ್ವ ಕಣ್ಣು ತೆರೆಯದೆ ಹೇಳಿದಳು, "ನೀ ಮನ್ಯಾಗ ಇದ್ದೀ. ಹಸಿವ್ಯಾದ್ರ ಕೇಳ್ತೀ. ಅವಾ ಯಾರನ್ನ ಕೇಳ್ಬೇಕು?"

ನಾನು ಶೆಡ್ಡಿಗೆ ಹೋಗಿ, ಮಂಡಿಯ ಮೇಲೆ ತಲೆಯಿಟ್ಟು ಹುಡುಗನಂತೆ ಅತ್ತೆ.

ಬಾಗಿಲಲ್ಲಿ ನೆರಳು ಬಿತ್ತು. ತಲೆಯೆತ್ತಿದರೆ ವೈನಿ. ಅಣ್ಣ ಹೋದ ಮೇಲೆ ಅವರು ಒಳಕೋಣೆ ಬಿಟ್ಟು ಹೊರಗೆ ಬಂದದ್ದೇ ಇಲ್ಲ. ತವರಿನವರು ಕರೆದೊಯ್ಯಲು ಬಂದಾಗ ಆಮೇಲೆ ಬರುತ್ತೇನೆ ಎಂದು ಒಂದೇ ಮಾತು ಹೇಳಿ ಕಳಿಸಿದ್ದರು. ಅವರು ಅತ್ತದ್ದನ್ನು ಯಾರೂ ನೋಡಿರಲಿಲ್ಲ. ಈಗ ನಡು ಹಗಲಿನಲ್ಲಿ, ಬೋಳು ಹಣೆಯಲ್ಲಿ, ಅಂಗಳ ದಾಟಿ ಬಂದು ನಿಂತಿದ್ದರು. ಒಂದು ಕೈಯಲ್ಲಿ ಕೆಂಡ ತುಂಬಿದ ಅಗ್ಗಿಷ್ಟಿಕೆ, ಇನ್ನೊಂದರಲ್ಲಿ ಅವರ ಕುಂಕುಮದ ಡಬ್ಬಿ.

"ಮೇಣಾ ಅದ ಇದರಾಗ," ಎಂದರು.

ಕುಂಕುಮ ಹಣೆಯ ಮೇಲೆ ನಿಲ್ಲಲೆಂದು ಹೆಂಗಸರು ಮೊದಲು ಹಚ್ಚಿಕೊಳ್ಳುವ ಜೇನುಮೇಣ. ನನಗೆ ಅರ್ಥವಾಗಲಿಲ್ಲ. ಇವರಿಗೆ ತಲೆ ಕೆಟ್ಟಿತೇನೋ ಎಂದು ದಿಗಿಲಾಯಿತು. ವೈನಿ ನನ್ನ ಕಡೆ ನೋಡದೆ, ಎಂಜಿನ್ನಿನ ಕಡೆ ನೋಡುತ್ತ ಮಾತಾಡಿದರು.

"ಅವರು ಇದನ್ನ ಕದ್ದು ಒಯ್ತಿದ್ರು. ಬೋಲ್ಟ ಜಗ್ಗಲಿಲ್ಲಂದ್ರ ಅದನ್ನ ಛಲೋತಂಗ ಕಾಯ್ಸಿ ಮೇಣಾ ಮುಟ್ಟಸ್ತಿದ್ರು. ಕರಗಿ ಸಂದಿನ್ಯಾಗ ಇಳೀತದ, ಎಣ್ಣಿ ಹೋಗದಲ್ಲೆ ಹೋಗ್ತದ ಅಂತಿದ್ರು. ನಾ ಬೈತಿದ್ದೆ." ಹೆಬ್ಬೆರಳಿನಿಂದ ಡಬ್ಬಿಯ ಮುಚ್ಚಳ ಸವರಿದರು. "ಆ ರವಿವಾರನೂ ಬಂದು ಕೇಳಿದ್ರು. ಪ್ಯಾಟ್ಯಾಗ ಛಲೋ ಮೇಣಾ ಸಿಗವಲ್ತು, ಇದ್ದದ್ದೂ ನಿಮ್ಮ ಗಾಡೀಗೆ ಹಚ್ಚಿದ್ರ ನಾ ಹಣೀಗೆ ಏನ್ ಹಚ್ಚಲಿ ಅಂದೆ. ಕೊಡಲಿಲ್ಲ. ನಕ್ಕು ಹ್ವಾದ್ರು."

ನಾನು ಕಣ್ಣೊರೆಸಿಕೊಂಡು ಎದ್ದು ನಿಂತೆ.

"ಕೊಟ್ಟಿದ್ರ ಮುರೀತಿದ್ದಿಲ್ಲ," ಎಂದರು ವೈನಿ.

"ಹಂಗಲ್ಲ ವೈನೀ, ಹಂಗ ಯಾಕ ಅಂತೀರಿ, ಅದು ಹ್ಯಾಂಗಿದ್ರೂ ಮುರೀತಿತ್ತು," ಎಂದು ಏನೇನೋ ಹೇಳಿದೆ. ನನ್ನ ಕಿವಿಗೇ ಅದು ಪೊಳ್ಳು ಕೇಳಿಸಿತು. ಅವರು ಅಗ್ಗಿಷ್ಟಿಕೆ ಕೆಳಗಿಟ್ಟು, ಗೋಡೆಗೆ ಒರಗಿಸಿದ್ದ ಕಬ್ಬಿಣದ ಸಲಾಕೆ ತೆಗೆದುಕೊಂಡು ಅದರ ತುದಿಯನ್ನು ಕೆಂಡದಲ್ಲಿ ಹೂತರು. ಇಷ್ಟು ದಿನ ಅವ್ವ ಹಸಿವಿನಿಂದ ಒಣಗಿದ್ದನ್ನು ನಾವೆಲ್ಲ ಕಂಡಿದ್ದೆವು. ಒಳಕೋಣೆಯಲ್ಲಿ ಈ ಡಬ್ಬಿಯ ಜೊತೆ ಇವರು ಹೇಗೆ ಕೂತಿದ್ದರೋ, ಯಾರೂ ನೋಡಿರಲಿಲ್ಲ.

ಸಲಾಕೆಯ ತುದಿ ಕೆಂಪಾಯಿತು. ಬಟ್ಟೆ ಸುತ್ತಿ ಹಿಡಿದು ಮುರಿದ ಬೋಲ್ಟಿನ ಮೇಲೆ ಒತ್ತಿದೆ. ಮೊಳೆಯನ್ನು ಮೊದಲೇ ಕಿತ್ತಿಟ್ಟಿದ್ದೆ. ಹಳೆಯ ಎಣ್ಣೆ ಸುಟ್ಟು ಹೊಗೆ ಎದ್ದಿತು. ಆರುವಷ್ಟರಲ್ಲಿ ಮತ್ತೆ ಕಾಯಿಸಿದೆವು, ಮತ್ತೆ ಒತ್ತಿದೆವು. ಬೋಲ್ಟು ಚೆನ್ನಾಗಿ ಕಾದ ಮೇಲೆ ವೈನಿ ಬೆರಳಿನಿಂದ ಮೇಣ ತೆಗೆದು ಅದರ ಅಂಚಿಗೆ ಮುಟ್ಟಿಸಿದರು. ಮೇಣ ಕರಗಿ, ಒಂದು ಗಳಿಗೆ ಹೊಳೆದು, ಸಂದಿನೊಳಗೆ ಇಳಿದು ಕಾಣದಾಯಿತು. ಮತ್ತಷ್ಟು ಹಾಕಿದರು. ಅದೂ ಇಳಿಯಿತು. ಡಬ್ಬಿಯ ತಳ ಕಾಣುವವರೆಗೂ ಹಾಕಿದರು. ಶೆಡ್ಡಿನ ತುಂಬ ಜೇನುಮೇಣದ ವಾಸನೆ. ಹಬ್ಬದ ದಿನ ಹೆಂಗಸರು ತಲೆ ಬಾಚಿಕೊಂಡು ಕುಂಕುಮವಿಟ್ಟುಕೊಳ್ಳುವಾಗ ಪಡಸಾಲೆಯಲ್ಲಿ ಬರುತ್ತಿತ್ತಲ್ಲ, ಅದೇ ವಾಸನೆ.

ಮೊಳೆ ಬಡಿದು ಪಾನಾ ಹಾಕಿದೆ.

"ಸಾವಕಾಶ," ಎಂದರು ವೈನಿ. "ಒಮ್ಮಿಗೇ ಎಡಕ್ಕ ಎಳೀಬ್ಯಾಡ್ರಿ. ತುಸು ಬಲಕ್ಕ, ತುಸು ಎಡಕ್ಕ."

ತುಸು ಬಲಕ್ಕೆ, ತುಸು ಎಡಕ್ಕೆ. ಏನೂ ಆಗಲಿಲ್ಲ. ಮತ್ತೆ ಮಾಡಿದೆ. ಕಿರ್ರ್ ಎಂದಿತು. ಮೊಳೆ ಮುರಿಯಿತೆಂದುಕೊಂಡು ಕೈ ಬಿಟ್ಟೆ. ಮುರಿದಿರಲಿಲ್ಲ. ಬೋಲ್ಟು ಕದಲಿತ್ತು. ಅಲ್ಲಿಂದ ಮುಂದೆ ಅದು ಸುಮ್ಮನೆ, ಬೆಣ್ಣೆಯೊಳಗಿಂದ ಬಂದ ಹಾಗೆ, ಸುತ್ತು ಸುತ್ತಾಗಿ ಮೇಲೆ ಬಂತು. ಬೆರಳುದ್ದದ ತುಂಡು. ಇಷ್ಟೇ ಇಷ್ಟು. ಇದಕ್ಕಾಗಿ ಆರಡಿ ಮನುಷ್ಯ ಹೋದನಲ್ಲಪ್ಪಾ! ಬಾವಿಗೆ ಎಸೆಯಲು ಎದ್ದೆ. ವೈನಿ ಕೈ ಚಾಚಿದರು. ಕೊಟ್ಟೆ. ಇನ್ನೂ ಬಿಸಿ ಇದ್ದ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಖಾಲಿ ಡಬ್ಬಿ ಎತ್ತಿಕೊಂಡು ಒಳಗೆ ಹೋದರು.

ಉಳಿದ ಕೆಲಸ ಸುಲಭದ್ದು. ಅಣ್ಣ ತಂದಿಟ್ಟ ಹೊಸ ತಾಮ್ರದ ಹಾಳೆ ಗೋಡೆಗೆ ತೂಗುತ್ತಿತ್ತು. ಅವನ ಡಬ್ಬದಲ್ಲಿ ಹುಡುಕಿದರೆ ಅದೇ ಅಳತೆಯ ಬೋಲ್ಟೂ ಸಿಕ್ಕಿತು. ಮುಚ್ಚಳ ಕೂರಿಸಿ, ರಟ್ಟಿನಲ್ಲಿದ್ದ ಸಾಲಿನಂತೆಯೇ ಒಂದೊಂದಾಗಿ ಹಾಕಿದೆ. ನಡುವಿನಿಂದ ಬಿಗಿಯುತ್ತ ಹೊರಗೆ ಹೋಗಬೇಕೆಂದು ವೈನಿ ಅಡುಗೆಮನೆಯ ಕಿಡಕಿಯಿಂದಲೇ ಹೇಳಿದರು. ಅಷ್ಟು ಮಾಡುವುದರಲ್ಲಿ ಹೊತ್ತು ಮುಳುಗಿತು. ಅವ್ವನಿಗೆ ಬೋಲ್ಟು ಬಂತೆಂದು ಹೇಳಿದೆ. "ಕೈ ತೋರ್ಸು," ಎಂದಳು, ಹೊರಳಿಸಿ ನೋಡಿದಳು. ಹಾಲನ್ನೂ ಕುಡಿಯಲಿಲ್ಲ.

ಬೆಳಗಾದ ಕೂಡಲೇ ಡಾಕ್ಟರ ಮನೆಗೆ ಹೋಗಿ ಪೆಟ್ರೋಲು ಕೇಳಿದೆ. ಅವರಿಗೂ ಕೂಪನ್ನಿನ ಮೇಲೆ ಅಳೆದು ಸುರಿದು ಸಿಗುತ್ತಿದ್ದ ಕಾಲ. ಆದರೂ ಅವರು ಒಂದು ಔಷಧದ ಬಾಟಲಿ ತುಂಬ ಬಸಿದು ಕೊಟ್ಟರು. ಅದನ್ನು ಟಾಕಿಗೆ ಸುರಿದೆ, ಮುಂದೆ ನೀರು ತುಂಬಿದೆ. ಅವ್ವನನ್ನು ಕೈ ಹಿಡಿದು ತಂದು ಅಂಗಳದಲ್ಲಿ ಗೋಡೆಗೆ ಒರಗಿಸಿ ಕೂರಿಸಿದೆ. ವೈನಿ ಅಡುಗೆಮನೆಯ ಬಾಗಿಲಲ್ಲಿ ನಿಂತರು.

ಹ್ಯಾಂಡಲ್ ಹಾಕಿ ತಿರುವಿದೆ. ಬುಸ್ ಎಂದು ಸುಮ್ಮನಾಯಿತು. ತಿರುವಿದೆ, ತಿರುವಿದೆ, ಅಂಗಿ ಬೆನ್ನಿಗಂಟಿತು. "ಬಾರೋ, ಸಾಕೋ, ಯಾಕ ಕಾಡ್ತೀ," ಎಂದು ಹಲ್ಲು ಕಚ್ಚಿಕೊಂಡು ಅಂದೆ. ಯಾರಿಗೆ ಅಂದೆನೋ. ಹ್ಯಾಂಡಲ್ ಕೈಯಿಂದ ಕಿತ್ತುಕೊಂಡು ಹೋಯಿತು, ನೀಲಿ ಹೊಗೆ ಎದ್ದಿತು, ತಗಡು ಗಡಗಡ ನಡುಗಿತು, ಎಂಜಿನ್ನು ಹಿಡಿಯಿತು.

ಆ ಸದ್ದು! ಊರವರಿಗೆ ಅದು ಮೋಟಾರಿನ ಸದ್ದು. ನಮಗೆ ಅದು ಅಣ್ಣ ಕೋರ್ಟಿನಿಂದ ಮನೆಗೆ ಬಂದ ಸದ್ದು. ಅವ್ವ ಗೋಡೆ ಬಿಟ್ಟು ನೆಟ್ಟಗೆ ಕೂತಳು. "ಬಂದಾ," ಎಂದಳು. ವೈನಿ ಸರ್ರನೆ ಒಳಗೆ ಹೋಗಿ ಕಾಲು ತೊಳೆಯಲು ನೀರಿನ ತಂಬಿಗೆ ಹಿಡಿದು ಓಡಿ ಬಂದರು. ಹೊಸ್ತಿಲು ದಾಟಿದ ಮೇಲೆ ನೆನಪಾಯಿತು. ತಂಬಿಗೆ ಹಿಡಿದುಕೊಂಡು ಅಲ್ಲೇ ನಿಂತರು.

ಮಾತು ನಡೆಸಿದ್ದಾಯಿತು, ಇನ್ನು ನಿಲ್ಲಿಸೋಣ ಎಂದು ನಾನು ಬಗ್ಗಿ ಒಳಗೆ ಕೈ ಹಾಕಿದೆ. ಕೀಲಿ ಬೆರಳಿಗೆ ಸಿಕ್ಕಿತು. ತಿರುಗಿಸಬೇಕು. ನನ್ನ ಕೈಯಿಂದ ಆಗಲಿಲ್ಲ. ಅವ್ವನ ಕಡೆ ನೋಡಿದೆ.

"ಇರ್ಲಿ," ಎಂದಳು ಅವ್ವ. "ಬಂದ್ ಮಾಡಬ್ಯಾಡ. ಇರೋತನಕಾ ಇರ್ಲಿ."

ನಾನು ಹೋಗಿ ಅವ್ವನ ಪಕ್ಕದಲ್ಲಿ ನೆಲದ ಮೇಲೆ ಕೂತೆ. ವೈನಿ ತಂಬಿಗೆ ಕೆಳಗಿಟ್ಟು ಹೊಸ್ತಿಲ ಮೇಲೆ ಕೂತರು. ನೆರೆಯವರು ಗೋಡೆಯಾಚೆಯಿಂದ ಇಣುಕಿ ನೋಡಿ, ಏನನ್ನಿಸಿತೋ, ಸರಿದು ಹೋದರು. ಎಂಜಿನ್ನು ಒಂದೇ ಸಮ ಓಡುತ್ತಿತ್ತು, ಎಲ್ಲಿಯೂ ತಡೆಯಿಲ್ಲದೆ. ಅವನು ಕೇಳಿದ್ದರೆ ತೊಡೆ ತಟ್ಟಿಕೊಳ್ಳುತ್ತಿದ್ದ. ನಾವು ಮೂವರೂ ಒಬ್ಬರನ್ನೊಬ್ಬರು ನೋಡದೆ ಅದನ್ನೇ ಕೇಳುತ್ತ ಕೂತೆವು. ಟಾಕಿಯಲ್ಲಿದ್ದುದು ಒಂದು ಬಾಟಲಿ ಪೆಟ್ರೋಲು ಎಂಬುದು ನನಗೆ ಗೊತ್ತಿತ್ತು. ಇನ್ನೊಂದಿಷ್ಟು ತರಬೇಕಿತ್ತು ಎಂದು ಹಳಹಳಿಸಿದೆ.

ಆಮೇಲೆ ಸದ್ದು ಒಮ್ಮೆ ತಪ್ಪಿತು. ಸಾವರಿಸಿಕೊಂಡಿತು. ಮತ್ತೆ ತಪ್ಪಿತು. ಅವ್ವ ನನ್ನ ಮಣಿಕಟ್ಟು ಹಿಡಿದುಕೊಂಡಳು. ಎಂಜಿನ್ನು ಎರಡು ಸಲ ಬಿಕ್ಕಿ ನಿಂತಿತು.

ಹೊಗೆ ಗಿಡಗಳ ಮೇಲೆ ಹರಡಿ ತೆಳ್ಳಗಾಯಿತು. ಯಾರೂ ಏಳಲಿಲ್ಲ.

"ಹ್ವಾದನೇನು?" ಎಂದು ಅವ್ವ ಕೇಳಿದಳು.

"ಹ್ವಾದ, ಅವ್ವಾ," ಎಂದೆ.

ಅವಳು ತಲೆಯಾಡಿಸಿದಳು. ನನ್ನ ಹೆಗಲು ಹಿಡಿದು ಎದ್ದಳು. "ಬಡಸ್ರಿ ಹಂಗಾರ," ಎಂದಳು. "ನನಗ ಹಸಿವಿ ಆಗೇದ."

ವೈನಿ ಬಿಸಿ ಅನ್ನ ಬಡಿಸಿದರು, ಸಾರು ಹಾಕಿದರು. ಅವ್ವ ಮೊದಲ ತುತ್ತು ಬಾಯಿಗಿಟ್ಟುಕೊಂಡವಳೇ ಗಟ್ಟಿಯಾಗಿ ಅಳಲು ಶುರು ಮಾಡಿದಳು. ಅಳುತ್ತಲೇ ಉಂಡಳು. ತಾಟು ಬರಿದಾದಾಗ, ಅಳುತ್ತಲೇ, ಇನ್ನೊಂದಿಷ್ಟು ಅನ್ನ ಕೇಳಿದಳು.